ತಾರಸಿಯ ಮೇಲೆ ಅಪ್ಪನ ಪಂಚಾಯ್ತಿ

ಲಾಕ್‌ಡೌನಿನ ಆ ದಿನಗಳನ್ನು ನೆನೆದರೆ ನನ್ನ ಮೂಗಿಗೆ ಮೊದಲು ಬರುವುದು ಬ್ಲೀಚಿಂಗ್ ಪೌಡರಿನ ವಾಸನೆ, ಅದರ ಬೆನ್ನಿಗೇ ತಳ ಹಿಡಿದ ಹಾಲಿನ ವಾಸನೆ. ನಿಮ್ಮನೆಯಲ್ಲೂ ಒಂದು ಲಾಕ್‌ಡೌನ್ ಕತೆ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ಬೀದಿಗೆ ತಗಡು ಹೊಡೆದಿದ್ದರೇ? ಜಡಿಗೇನಹಳ್ಳಿ ಕಡೆಯ ನಮ್ಮೂರಿನಲ್ಲಿ ನಮ್ಮ ಬೀದಿಗೆ ಹೊಡೆದಿದ್ದರು. ಮೂಲೆಮನೆಯವರಿಗೆ ಕಾಯಿಲೆ ಬಂತೆಂದು ಬೀದಿಯ ಎರಡು ತುದಿಗೂ ಸರ್ವೆ ಮರದ ಕಂಬ ನೆಟ್ಟು ತಗಡು ಜಡಿದು, ಸೀಲ್‌ಡೌನ್ ಅಂತ ಬೋರ್ಡು ತೂಗಿಹಾಕಿ ಹೋದರು. ನಾನಾಗ ಎಂಟನೇ ಕ್ಲಾಸು ಮುಗಿಸಿದ್ದೆ. ತಮ್ಮ ಮಧು ಮೂರನೇ ಕ್ಲಾಸು.

ಬೀದಿಯ ಹಸುಗಳೂ ನಮ್ಮ ಜೊತೆ ಒಳಗೇ ಉಳಿದವು. ಸೀಲಾದ ಬೀದಿಯ ಹಾಲು ಬೇಡವೆಂದು ಡೇರಿಯವರು ಅಂದುಬಿಟ್ಟರು. ಹಸುವಿಗೆ ಇದೆಲ್ಲ ಗೊತ್ತಾಗುತ್ತದೆಯೇ, ಅದು ಕರೆದಷ್ಟು ಕೊಡುತ್ತಲೇ ಇತ್ತು. ಮನೆಮನೆಯಲ್ಲೂ ಹಾಲು. ಅಮ್ಮ ಕೋವಾ ಕಾಯಿಸಿದಳು, ಬೆಣ್ಣೆ ತೆಗೆದಳು, ತುಪ್ಪ ಮಾಡಿದಳು. ಮೊದಲ ವಾರ ನಾವಿಬ್ಬರೂ ಪಾತ್ರೆಯ ತಳ ಕೆರೆದು ತಿನ್ನಲು ಜಗಳವಾಡಿದೆವು. ಆಮೇಲೆ ಕೋವಾ ಕಂಡರೆ ಓಡಿಹೋಗುತ್ತಿದ್ದೆವು. ಇವತ್ತಿಗೂ ಮದುವೆ ಊಟದಲ್ಲಿ ಯಾರಾದರೂ ಪೇಡಾ ಬಡಿಸಲು ಬಂದರೆ ನಾನು ಎಲೆಗೆ ಕೈ ಅಡ್ಡ ಇಡುತ್ತೇನೆ.

ಅಪ್ಪ ಮಾತ್ರ ಹೊರಗಿದ್ದ. ಅವನದು ತರಕಾರಿ ಸಾಗಿಸುವ ಸಣ್ಣ ಟೆಂಪೊ. ತಗಡು ಬಿದ್ದ ದಿನ ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗಿದ್ದವನು ವಾಪಸಾಗುವಾಗ ವಿಷಯ ತಿಳಿದು ಹೊಸಕೋಟೆಯಲ್ಲೇ, ನಮ್ಮತ್ತೆ ಮನೆಯಲ್ಲಿ, ಉಳಿದುಕೊಂಡ. ಬೇರೆಯವರು ಹೊರಗಿದ್ದ ತಮ್ಮವರನ್ನು ತಗಡಿನ ಹತ್ತಿರ ಕರೆಸಿಕೊಂಡು ಸಂದಿಯಲ್ಲೇ ಮಾತಾಡುತ್ತಿದ್ದರು. ಕಾವಲಿದ್ದ ಹುಡುಗರು ದೂರ ನಿಲ್ಲಿ ಅನ್ನುತ್ತಿದ್ದರೇ ಹೊರತು ಓಡಿಸುತ್ತಿರಲಿಲ್ಲ. ನಮ್ಮಪ್ಪ ಒಂದು ಸಲವೂ ಬರಲಿಲ್ಲ. ಫೋನಿನಲ್ಲಿ ಮಾತ್ರ, ‘ಊಟ ಆಯ್ತಾ ಮಗಾ, ಹುಷಾರು’ ಎನ್ನುತ್ತಿದ್ದ.

ಟೀವಿಯಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದ ಒಂದು ಧಾರಾವಾಹಿ ಇತ್ತು. ಅದರಲ್ಲಿ ಸೂರ್ಯಪ್ರಕಾಶ ಅಂತ ಒಬ್ಬ ಶ್ರೀಮಂತ. ಅವನ ಮಕ್ಕಳಿಬ್ಬರು ಗೋಡೌನಿನಲ್ಲಿ ಸಿಕ್ಕಿಕೊಂಡಿದ್ದಾರೆ, ಬೆಂಕಿ ಹತ್ತಿದೆ, ‘ಅಪ್ಪಾ’ ಎಂದು ಕೂಗುತ್ತಿದ್ದಾರೆ. ಈತ ಬಾಗಿಲ ತನಕ ಬಂದ, ಫೋನು ಬಂತು, ಮಾತಾಡಿದ, ಕಾರು ತಿರುಗಿಸಿಕೊಂಡು ಹೋಗಿಯೇಬಿಟ್ಟ. ಅಷ್ಟಕ್ಕೆ ಶೂಟಿಂಗ್ ನಿಂತುಹೋಯಿತು. ಮುಂದಿನ ಕತೆ ದೇವರಿಗೇ ಗೊತ್ತು. ಮಕ್ಕಳು ಬೆಂಕಿಯಲ್ಲಿ, ಅಪ್ಪ ರಸ್ತೆಯಲ್ಲಿ, ಹಾಗೆಯೇ ಇಡೀ ಬೇಸಿಗೆ ಕಳೆಯಿತು.

ಸಂಜೆ ಬಿಸಿಲು ಇಳಿದ ಮೇಲೆ ಎಲ್ಲರೂ ತಾರಸಿ ಹತ್ತುತ್ತಿದ್ದೆವು. ನಾನು, ಮಧು ಚಾಕ್‌ಪೀಸಿನಲ್ಲಿ ಚೌಕಾಬಾರದ ಮನೆ ಬರೆದುಕೊಂಡು, ಹುಣಸೆಬೀಜ ಉಜ್ಜಿ ಕವಡೆ ಮಾಡಿ ಆಡುತ್ತಿದ್ದೆವು. ಎದುರುಮನೆಯ ಸಾಕಮ್ಮಜ್ಜಿ ತನ್ನ ತಾರಸಿಯಲ್ಲಿ ಎಲೆಅಡಿಕೆ ಸಂಚಿ ಬಿಚ್ಚಿ ಕೂತಳೆಂದರೆ ಪಂಚಾಯ್ತಿ ಶುರು. ಅವಳೂ ನಮ್ಮಜ್ಜಿ ಗೌರಮ್ಮನೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು. ಅಂದಿನಿಂದ ಇಬ್ಬರೂ ಜಗಳವಾಡುತ್ತಲೇ ಇದ್ದರು. ಒಬ್ಬರನ್ನು ಬಿಟ್ಟು ಒಬ್ಬರು ಇರುತ್ತಲೂ ಇರಲಿಲ್ಲ.

‘ಮಕ್ಳು ಒಳಗೆ ಬೇಯ್ತಾವೆ, ಕಾರು ತಿರುಗಿಸ್ಕೊಂಡು ಹೋದ್ನಲ್ಲೇ ಗೌರಿ! ಅವನೂ ಒಬ್ಬ ಅಪ್ಪನಾ? ಥೂ!’

‘ಮುಂದೇನಾಯ್ತು ಅಂತ ನೋಡ್ದಲೆ ಬಾಯಿಗೆ ಬಂದಂಗೆ ಅನ್ಬೇಡ. ನೀರು ತರಕ್ಕೆ ಹೋಗಿರ್ಬೋದು.’

‘ಕಾರಲ್ಲಾ? ನೀರು ತರಕ್ಕಾ?’

ಇಡೀ ಬೀದಿ ನಗುತ್ತಿತ್ತು. ಅಜ್ಜಿ ಸೋಲುತ್ತಿರಲಿಲ್ಲ. ಮಾರನೆ ದಿನಕ್ಕೆ ಹೊಸ ಕಾರಣ ಹುಡುಕಿಕೊಂಡು ಬರುತ್ತಿದ್ದಳು. ಫೈರ್ ಇಂಜಿನ್ ಕರೆಯಲು ಹೋಗಿದ್ದಾನೆ. ಗೋಡೌನಿನ ಬೀಗದ ಕೈ ಇನ್ನೆಲ್ಲೋ ಇದೆ. ಅವನಿಗೆ ಯಾರೋ ಮಾಟ ಮಾಡಿಸಿದ್ದಾರೆ. ನನಗೆ ಮೊದಮೊದಲು ಇದೆಲ್ಲ ತಮಾಷೆಯಾಗಿತ್ತು. ಆಮೇಲೆ ಒಂದು ಸಂಜೆ ಗಮನಿಸಿದೆ: ಸೂರ್ಯಪ್ರಕಾಶನ ಮಾತು ಬಂದಾಗೆಲ್ಲ ಅಮ್ಮ ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಿಸುತ್ತಾ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಉಳಿದವರೂ ಅಮ್ಮನ ಕಡೆ ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದರು. ಗಂಡ ಬಂದು ನೋಡಿಲ್ಲ ಅಂತ ಒಬ್ಬಳ ಮುಖದ ಮೇಲೆ ಹೇಳುವ ಪದ್ಧತಿ ನಮ್ಮ ಬೀದಿಯಲ್ಲಿ ಇಲ್ಲ. ಹಾಗಂತ ಸುಮ್ಮನಿರುವ ಬಾಯಿಗಳೂ ಅಲ್ಲ. ಸೂರ್ಯಪ್ರಕಾಶ ಒಳ್ಳೆ ಸಮಯಕ್ಕೆ ಸಿಕ್ಕಿದ್ದ.

ಅಷ್ಟರಲ್ಲಿ ಮಧುವಿಗೆ ಉಬ್ಬಸ ಕೆರಳಿತು.

ಅದು ಅವನಿಗೆ ಹುಟ್ಟಿದಾಗಿನಿಂದ ಇದ್ದದ್ದೇ. ಬಾಯಿಗಿಟ್ಟು ಒತ್ತುವ ಪಂಪು ಒಂದಿರುತ್ತಿತ್ತು, ಎರಡು ಸಲ ಎಳೆದುಕೊಂಡರೆ ಸರಿಹೋಗುತ್ತಿತ್ತು. ಆ ಪಂಪು ಖಾಲಿಯಾಗಿತ್ತು. ಬೇರೆ ಕಾಲವಾಗಿದ್ದರೆ ಓಡಿಹೋಗಿ ಯಾರನ್ನಾದರೂ ಕೂಗಬಹುದಿತ್ತು. ಆದರೆ ಉಸಿರು ಕಟ್ಟುತ್ತಿದೆ ಅಂತ ಆಗ ಹೇಳುವುದುಂಟೇ? ಮೂಲೆಮನೆಯವರನ್ನು ಬಿಳಿ ಅಂಗಿಯವರು ಬಂದು ಆಂಬುಲೆನ್ಸಿಗೆ ಹತ್ತಿಸಿಕೊಂಡು ಹೋಗಿದ್ದನ್ನು ನಾವೆಲ್ಲ ಕಿಟಕಿಯಿಂದ ನೋಡಿದ್ದೆವು. ಮಕ್ಕಳನ್ನು ಒಬ್ಬರನ್ನೇ ಕರೆದುಕೊಂಡು ಹೋಗುತ್ತಾರಂತೆ, ತಾಯಿಯನ್ನೂ ಬಿಡುವುದಿಲ್ಲವಂತೆ ಎಂದು ಸುದ್ದಿ. ಅಮ್ಮ ಕಿಟಕಿ ಮುಚ್ಚಿದಳು. ಕೆಮ್ಮು ಹೊರಗೆ ಕೇಳದಿರಲಿ ಎಂದು ಟೀವಿ ಜೋರು ಮಾಡಿದಳು. ಆ ಸೆಕೆಯಲ್ಲಿ, ಆ ಗಲಾಟೆಯಲ್ಲಿ, ಮಧು ಗೋಡೆಗೆ ಒರಗಿಕೊಂಡು ಎದೆಯಲ್ಲಿ ಸುಂಯ್ ಸುಂಯ್ ಎನ್ನಿಸುತ್ತಾ ಕೂತಿದ್ದ.

ಅಮ್ಮ ಅಪ್ಪನಿಗೆ ಫೋನು ಮಾಡಿದಳು. ಸ್ಪೀಕರ್ ಹಾಕಿದ್ದಳು, ಎಲ್ಲರಿಗೂ ಕೇಳಿಸಿತು.

‘ಮಾತ್ರೆ ಅಂಗ್ಡಿ ಪಕ್ದಲ್ಲೇ ಐತೆ. ಈಗ್ಲೇ ತಗೊಂಡು ಬರ್ತೀನಿ. ಸಂಜೆ ಒಳಗೆ ತಗಡಿನತ್ರ ಇಟ್ಟು ಕೂಗ್ತೀನಿ. ನೀನು ಅಳ್ಬೇಡ ರತ್ನಾ.’

ನಾನು ಹೋಗಿ ತಗಡಿನ ಪಕ್ಕದ ಜಗಲಿಯ ಮೇಲೆ ಕೂತೆ. ಮೊಳೆ ಹೊಡೆದು ಕಿತ್ತ ಒಂದು ತೂತಿತ್ತು, ಅದರಲ್ಲಿ ಕಣ್ಣಿಟ್ಟರೆ ಅರಳಿಕಟ್ಟೆ ತನಕ ರಸ್ತೆ ಕಾಣುತ್ತಿತ್ತು. ಬಿಸಿಲಿಗೆ ಕಾದ ತಗಡಿಗೆ ಕೆನ್ನೆ ತಾಗಿ ಸುಟ್ಟಿತು. ಎಮ್ಮೆ ಬಂತು. ಹಾಲಿನ ಗಾಡಿ ಹೋಯಿತು. ಅಪ್ಪನ ಟೆಂಪೊ ಬರಲಿಲ್ಲ. ಸಂಜೆಗೆ ಅವನ ಫೋನು ಸ್ವಿಚ್ ಆಫ್ ಆಗಿತ್ತು. ಅತ್ತೆಗೆ ಮಾಡಿದರೆ, ‘ಅವಾಗ್ಲೇ ಹೊರಟ್ನಲ್ಲ!’ ಎಂದಳು.

ಅಮ್ಮ ಬಿಸಿನೀರಿನ ಹಬೆ ಹಿಡಿಸಿದಳು, ಎದೆಗೆ ಎಣ್ಣೆ ಉಜ್ಜಿದಳು. ಬೆಳಗಾಯಿತು, ಮಧ್ಯಾಹ್ನವಾಯಿತು. ಮಧು ಮಾತಾಡುವುದನ್ನು ಬಿಟ್ಟ. ಏನು ಕೇಳಿದರೂ ತಲೆ ಆಡಿಸುತ್ತಿದ್ದ. ಅವನ ತುಟಿ ನೋಡಿ ನನಗೆ ಭಯವಾಯಿತು. ‘ಯಾರನ್ನಾದ್ರೂ ಕೂಗಮ್ಮ’ ಎಂದರೆ ಅಮ್ಮ ಅಜ್ಜಿಯ ಮುಖ ನೋಡಿದಳು. ಅಜ್ಜಿ, ‘ಬತ್ತಾನೆ. ಬರ್ದೆ ಇರ್ತಾನಾ? ಇನ್ನೊಂದು ಗಳಿಗೆ ನೋಡಾನ’ ಎಂದಳು.

ಹೊತ್ತು ಇಳಿಯಿತು. ಎದುರು ತಾರಸಿಯಿಂದ ಸಾಕಮ್ಮಜ್ಜಿ ಎಂದಿನಂತೆ ಕೂಗಿದಳು: ‘ಏನೇ ಗೌರಿ, ಇವತ್ತೇನು ಹೇಳ್ತಾನೆ ನಿನ್ ಸೂರ್ಯಪ್ರಕಾಸ? ನೀರು ಸಿಕ್ತಂತಾ?’

ಅಜ್ಜಿ ಮೆಟ್ಟಿಲು ಹತ್ತಿದಳು. ಅವಳ ಹಿಂದೆ ನಾನೂ ಹತ್ತಿದೆ. ಅಜ್ಜಿ ಉತ್ತರ ಕೊಡದೆ ನಿಂತದ್ದನ್ನು ಕಂಡು ಸಾಕಮ್ಮಜ್ಜಿಗೆ ಇನ್ನಷ್ಟು ಹುರುಪು ಬಂತು. ‘ಏನಾರ ಅನ್ನು, ಹೆತ್ತೋರಿಗೆ ಹೆಗ್ಗಣ ಮುದ್ದು!’ ಎಂದುಬಿಟ್ಟಳು. ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ಸೂರ್ಯಪ್ರಕಾಶನನ್ನು ನಮ್ಮಜ್ಜಿ ಹೆತ್ತಿರಲಿಲ್ಲವಲ್ಲ. ಬಟ್ಟೆ ಎತ್ತುತ್ತಿದ್ದವರು ಹಾಗೇ ನಿಂತರು.

ನಮ್ಮಜ್ಜಿ ತಾರಸಿಯ ಮೋಟುಗೋಡೆಗೆ ಎರಡೂ ಕೈ ಊರಿದಳು. ಅವಳು ಕೂಗಾಡುವ ಹೆಂಗಸು. ಅವತ್ತು ಮೆಲ್ಲಗೆ ಮಾತಾಡಿದಳು, ಆದರೂ ಕೊನೆಮನೆ ತನಕ ಕೇಳಿಸಿತು.

‘ಹೂಂ ಕಣೇ ಸಾಕಿ. ಬಿಟ್ಟೋದ. ಟೀವಿಯವನ ಮಾತು ಬುಡು, ನನ್ ಮಗನೇ ಬಿಟ್ಟೋದ. ನೆನ್ನೆ ಔಸ್ದಿ ತತ್ತೀನಿ ಅಂದೋನು ಬರ್ಲಿಲ್ಲ, ಫೋನೂ ಎತ್ತಾ ಇಲ್ಲ. ಒಳಗೆ ಮಗೀಗೆ ಉಸ್ರು ಸಿಕ್ತಾ ಇಲ್ಲ ಕಣೇ. ಆ ಆಶಾ ಹುಡ್ಗೀನ ಕೂಗೇ, ನಿನ್ ದಮ್ಮಯ್ಯ.’

ಸಾಕಮ್ಮಜ್ಜಿ ಎಲೆಅಡಿಕೆ ಉಗುಳಿ, ಸಂಚಿ ಎಸೆದು, ತಗಡಿನ ಕಡೆಯ ತಾರಸಿಯವರಿಗೆ ಕೂಗಿದಳು. ಅವರು ಮುಂದಿನವರಿಗೆ ಕೂಗಿದರು. ನಮ್ಮೂರ ಆಶಾ ಕಾರ್ಯಕರ್ತೆ ಮಂಜುಳಕ್ಕ ಬಂದದ್ದು ಎಷ್ಟು ಬೇಗ ಅಂದರೆ, ಬರುವಾಗ ಒಂದು ಕೈಗೆ ಮಾತ್ರ ಗ್ಲೌಸು ಇತ್ತು. ಮಧುವಿನ ಬೆನ್ನಿಗೆ ಕಿವಿ ಇಟ್ಟವಳೇ, ‘ಇದು ಹಳೇ ಉಬ್ಬಸ ತಾನೇ? ಇಷ್ಟೊತ್ತು ಏನ್ ಮಾಡ್ತಿದ್ರಿ ಅತ್ತೆ? ನನ್ನ ಕಂಡ್ರೆ ಹುಲಿ ಕಂಡಂಗಾ?’ ಎಂದು ಅಜ್ಜಿಯನ್ನು ಬೈದು, ಸ್ಕೂಟಿಯಲ್ಲಿ ಆಸ್ಪತ್ರೆಗೆ ಹೋಗಿ ಪಂಪು ತಂದಳು. ಯಾರೂ ಯಾರನ್ನೂ ಎಲ್ಲಿಗೂ ಒಯ್ಯಲಿಲ್ಲ. ಪಂಪು ಎಳೆದುಕೊಂಡು ಸ್ವಲ್ಪ ಹೊತ್ತಿಗೆ ಮಧು ಆಡಿದ ಮೊದಲ ಮಾತು, ‘ಟೀವಿ ಆಫ್ ಮಾಡಿ.’ ಅಮ್ಮ ಆಗ ಅತ್ತಳು.

ತಗಡು ಬಿಚ್ಚಿದ ಮೇಲೆ ಅಪ್ಪ ಬಂದ, ಒಂದು ಕ್ರೇಟು ದ್ರಾಕ್ಷಿ ಹಿಡಿದುಕೊಂಡು. ‘ದಾರೀಲಿ ಪೊಲೀಸ್ರು ಬಿಡ್ಲಿಲ್ಲ’ ಎಂದು ನೆಲ ನೋಡಿಕೊಂಡು ಹೇಳಿದ. ಟೆಂಪೊದ ಗಾಜಿಗೆ ತರಕಾರಿ ಗಾಡಿಗಳ ಓಡಾಟಕ್ಕೆ ಕೊಟ್ಟ ಪಾಸು ಅಂಟಿಸಿದ್ದು ನಮಗೆಲ್ಲ ಕಾಣುತ್ತಲೇ ಇತ್ತು. ಅಜ್ಜಿ ಎಂದಿನಂತೆ ಅವನಿಗೇ ಮೊದಲು ಮುದ್ದೆ ಇಟ್ಟಳು, ಉಪ್ಸಾರು ಬಿಟ್ಟಳು. ನಾನು ಬಾಯಿ ತೆರೆದಾಗ, ‘ಉಣ್ಣೋ ಹೊತ್ನಲ್ಲಿ ಯಾರೂ ಮಾತಾಡ್ಕೂಡ್ದು’ ಎಂದಳು. ಉಂಡ ಮೇಲೂ ಯಾರೂ ಮಾತಾಡಲಿಲ್ಲ. ಬೀದಿಯವರೂ ಅಷ್ಟೇ, ಅಜ್ಜಿ ತಾರಸಿಯಲ್ಲಿ ಅಂದ ಮಾತನ್ನು ಒಬ್ಬರೂ ಅಪ್ಪನ ಕಿವಿಗೆ ಹಾಕಲಿಲ್ಲ. ಅಷ್ಟೊಂದು ಬಾಯಿಗಳು ಒಂದು ಮಾತನ್ನು ನುಂಗಿದ್ದು ನಾನು ಕಂಡಿದ್ದು ಅದೊಂದೇ ಸಲ.

ಧಾರಾವಾಹಿ ಮತ್ತೆ ಶುರುವಾದಾಗ ಸೂರ್ಯಪ್ರಕಾಶನ ಪಾತ್ರಕ್ಕೆ ಬೇರೆ ನಟ ಬಂದಿದ್ದ. ಫೋನಿನಲ್ಲಿ ಯಾರೋ ಹೆದರಿಸಿದ್ದರಂತೆ, ತಲೆಗೆ ಏಟು ಬಿದ್ದು ನೆನಪೇ ಹೋಗಿತ್ತಂತೆ. ಮಕ್ಕಳನ್ನು ಯಾರೋ ಬಿಡಿಸಿದ್ದರು. ‘ಅಯ್ಯೋ ಪಾಪ’ ಎಂದು ಬೀದಿ ಅವನನ್ನು ಒಂದೇ ಸಂಜೆಯಲ್ಲಿ ಕ್ಷಮಿಸಿತು, ಸಾಕಮ್ಮಜ್ಜಿಯೂ ಸೇರಿ. ನನಗೆ ಮೈಯೆಲ್ಲ ಉರಿಯಿತು. ನಮ್ಮಪ್ಪನಿಗೆ ಅಂಥ ನೆಪ ಬರೆದುಕೊಡುವವರು ಯಾರೂ ಇರಲಿಲ್ಲ, ಅವನು ಒಂದೇ ಒಂದು ಸಲ ‘ಹೆದರಿಬಿಟ್ಟೆ ಕಣ್ರೋ’ ಅಂದಿದ್ದರೆ ನಾನು ಕ್ಷಮಿಸುತ್ತಿದ್ದೆ. ಹೆದರದವರು ಯಾರಿದ್ದರು ಆಗ?

ಈಗ ಅಜ್ಜಿ ಇಲ್ಲ. ಸಾಕಮ್ಮಜ್ಜಿ ಇದ್ದಾಳೆ, ಕಿವಿ ಕೇಳಿಸುವುದಿಲ್ಲ. ತಾರಸಿಗೆ ಹತ್ತುವವರು ಬಟ್ಟೆ ಒಣಗಿಸಲಷ್ಟೇ ಹತ್ತುತ್ತಾರೆ, ಜಗಳಕ್ಕೆ ಯಾರಿಗೂ ಪುರಸೊತ್ತಿಲ್ಲ. ನಾನು ಹೊಸಕೋಟೆಯಲ್ಲಿ ಡಿಗ್ರಿ ಓದುತ್ತಾ ಅಲ್ಲೇ ಒಂದು ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಮಧು ನನಗಿಂತ ಎತ್ತರ ಬೆಳೆದಿದ್ದಾನೆ. ಅಪ್ಪ ಒಳ್ಳೆಯವನೇ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಹಬ್ಬಕ್ಕೆ ಬಟ್ಟೆ ತಪ್ಪಿಸಿಲ್ಲ. ಆದರೆ ಜ್ವರ ಬಂದರೆ, ಬಸ್ಸು ತಪ್ಪಿದರೆ, ಮೊದಲು ಬಾಯಿಗೆ ಬರುತ್ತಿದ್ದ ‘ಅಪ್ಪಾ’ ಅನ್ನುವ ಕೂಗು ನಮ್ಮನೆಯಿಂದ ಹೋಯಿತು. ಅವನನ್ನು ಕಷ್ಟಕ್ಕೆ ಕರೆಯದಿರುವುದನ್ನು ನಾವು ಯಾರೂ ಮಾತಾಡಿಕೊಳ್ಳದೆಯೇ ರೂಢಿ ಮಾಡಿಕೊಂಡೆವು.

ಕಳೆದ ತಿಂಗಳು ಮಧು ಗೆಳೆಯನ ಬೈಕಿನಿಂದ ಬಿದ್ದು ಮೊಣಕೈ ಮುರಿದುಕೊಂಡ. ಅಪ್ಪ ಆಗ ಅದೇ ರಸ್ತೆಯಲ್ಲಿ, ಕೂಗಳತೆಯಲ್ಲಿ, ಟೊಮ್ಯಾಟೊ ಇಳಿಸುತ್ತಿದ್ದನಂತೆ. ಮಧು ಫೋನು ಮಾಡಿದ್ದು ನನಗೆ. ನಾನೇ ಹೋಗಿ ಕಟ್ಟು ಹಾಕಿಸಿಕೊಂಡು ಮನೆಗೆ ಕರೆತಂದೆ. ಸಂಜೆ ಅಪ್ಪ ಬಂದು ಮಗನ ಕೈ ನೋಡಿದ, ಬಾಗಿಲಲ್ಲೇ ನಿಂತ.

‘ನಾನು ಅಲ್ಲೇ ಇದ್ನಲ್ರೋ. ನಂಗ್ಯಾಕೆ ಫೋನ್ ಮಾಡ್ಲಿಲ್ಲ?’

ಮಧು ನನ್ನ ಮುಖ ನೋಡಿದ. ಒಳಗೆ ಸಾರು ಇಳಿಸುತ್ತಿದ್ದ ಅಮ್ಮ ಹೊರಗೆ ಬಂದು, ಇಷ್ಟು ವರ್ಷದಲ್ಲಿ ಮೊದಲ ಸಲ, ಗಂಡನ ಕಣ್ಣನ್ನೇ ನೋಡುತ್ತಾ ಕೇಳಿದಳು: ‘ಯಾಕೆ ಅಂತ ಗೊತ್ತಿಲ್ವಾ ನಿಮ್ಗೆ?’

ಅಪ್ಪ ಚಪ್ಪಲಿ ಬಿಟ್ಟು ಮಧುವಿನ ಪಕ್ಕ ಕೂತ. ‘ಗೊತ್ತು’ ಎಂದ.