ಅಡಿಯ ಹಾಳೆ

ತೊಂಬತ್ತರ ದಶಕದಲ್ಲಿ ಅರಸೀಕೆರೆಯ ಪ್ಲೈವುಡ್ ಕಾರ್ಖಾನೆಯಲ್ಲಿ ವಯಸ್ಸಾದ ಕೆಲಸಗಾರರೊಬ್ಬರು ಹಲಗೆ ಒತ್ತುವ ಪ್ರೆಸ್ ನಡೆಸುತ್ತಿದ್ದರು. ನಾನು ಅಂಟು ಹಚ್ಚಿದ ಮರದ ಹಾಳೆಗಳನ್ನು ಜೋಡಿಸುತ್ತಿದ್ದೆ. ನಡುವೆ ಬಿಕ್ಕೋಡಿನ ತೋಟಗಳಿಂದ ಬಂದ ಹಗುರ ಸಿಲ್ವರ್ ಓಕ್, ಮೇಲೂ ಕೆಳಗೂ ಗಟ್ಟಿ ನೀಲಗಿರಿ. ದಿನದ ಮೊದಲ ಹಲಗೆಯನ್ನು ಅವರು ಎರಡು ಕಲ್ಲುಗಳ ಮೇಲಿಟ್ಟು, ಚಪ್ಪಲಿ ಬಿಟ್ಟು ಹತ್ತುತ್ತಿದ್ದರು.

"ನಾಳೆ ಇದ್ರ ಮ್ಯಾಲೆ ಗಾರೆಯವ್ರು ನಿಲ್ತಾರೆ ಕಣಮ್ಮ. ಮೊದ್ಲು ನಾನ್ ನಿಂತ್ಕತೀನಿ."

ಒಂದು ಬೆಳಿಗ್ಗೆ ನಾನು ಅವಸರದಲ್ಲಿ ಅಡಿಗೂ ಸಿಲ್ವರ್ ಓಕ್ ಹಾಳೆಯನ್ನೇ ಇಟ್ಟಿದ್ದೆ. ಮೇಲಿನಿಂದ ಅದು ಕಾಣುತ್ತಿರಲಿಲ್ಲ. ಅವರು ಹತ್ತಿದರು, ಹಲಗೆ ಅಡಿಯಿಂದ ಸೀಳಿ ಮುರಿಯಿತು. ಬಿದ್ದವರು ಕಣಕಾಲು ಹಿಡಿದುಕೊಂಡು ಮುರಿದ ಅಂಚನ್ನು ನೋಡಿದರು, ಆಮೇಲೆ ನನ್ನನ್ನು.

"ಯಾರ್ರೀ ಇದನ್ನ ಜೋಡಿಸಿದ್ದು? ಇವತ್ತೇ ಮನೆಗೆ ಕಳಿಸ್ತೀನಿ" ಎಂದು ಕಾರ್ಖಾನೆಯ ಸಾಹುಕಾರರು ಕೂಗುತ್ತಾ ಬಂದರು.

"ನಾನೇ ಸಾಮಿ. ಕಣ್ಣು ಮಂಜಾಗೈತೆ" ಎಂದರು ಅವರು, ಬಿದ್ದಲ್ಲಿಂದಲೇ.

ನಾನು ತಲೆ ತಗ್ಗಿಸಿ ಕಣ್ಣೊರೆಸಿಕೊಂಡೆ. ಸಾಹುಕಾರರು ಆಡಿದಂತೆಯೇ ಅವರನ್ನು ಕೆಲಸದಿಂದ ತೆಗೆದರು. ಕುಂಟುತ್ತಾ ಗೇಟಿನತ್ತ ಹೊರಟ ಅವರು ನನ್ನ ಬಳಿ ನಿಂತು, "ಅಳಬ್ಯಾಡ ಕಣಮ್ಮ. ಬಿದ್ದಿದ್ದು ನಾನು, ಗಾರೆಯವ್ರಲ್ವಲ್ಲ" ಎಂದು ನಕ್ಕರು. ಮತ್ತೆಂದೂ ಅವರನ್ನು ನಾನು ನೋಡಲಿಲ್ಲ.

ಮರುದಿನ ಮೊದಲ ಹಲಗೆ ಹತ್ತುವವರು ಯಾರೂ ಇರಲಿಲ್ಲ. ಅಡಿಯ ಹಾಳೆಯನ್ನು ಎರಡು ಸಲ ಮುಟ್ಟಿ ನೋಡಿ, ಚಪ್ಪಲಿ ಬಿಟ್ಟು ನಾನೇ ಹತ್ತಿದೆ. ಹಲಗೆ ಸ್ವಲ್ಪ ಬಾಗಿತು, ತಡೆಯಿತು. ಅವರು ನೋಡಬೇಕಿತ್ತು.