ಬೇಲಿಗೆ ಹರವಿದ ರಬ್ಬರ್ ಅಂಗಿ

ಅರವತ್ತರ ದಶಕದ ಒಂದು ಚಳಿಗಾಲದ ಮುಂಜಾನೆ ಹಿರೇಬೆಂಡಿಗೇರಿಯ ನಮ್ಮ ಪಡಸಾಲೆಯಲ್ಲಿ ಅಪ್ಪ, ಅವ್ವ, ನಾನು ಮತ್ತು ಕಾರವಾರದಿಂದ ಬಂದ ಮುಳುಗುಗಾರರೊಬ್ಬರು ಕುಂತಿದ್ದೆವು. ನಡುವೆ ಕುತ್ತಿಗೆಯಿಂದ ಕಾಲತನಕ ಮುಚ್ಚುವ, ರೊಟ್ಟಿಗಿಂತ ದಪ್ಪನೆಯ ಅವರ ರಬ್ಬರ್ ಅಂಗಿ, ಬೆನ್ನಿಗೆ ಗೇಣುದ್ದ ಹರಿದು ಬಿದ್ದಿತ್ತು. ತೂಬಿನ ಬಾಯಿಗೆ ಕಲ್ಲು ಸಿಕ್ಕು, ಅದು ಮುಚ್ಚದೆ ಊರ ಕೆರೆಯ ನೀರೆಲ್ಲ ಹರಿದುಹೋಗುತ್ತಿತ್ತು. ಆ ಅಂಗಿಯಿಲ್ಲದೆ ಅಂಥ ಥಂಡಿ ನೀರಿಗೆ ಅವರು ಇಳಿಯುವಂತಿರಲಿಲ್ಲ.

ಹರಿದದ್ದು ಅವ್ವನ ಕೈಯಿಂದಲೇ. ಪರಊರಿನವರ ಬಟ್ಟೆಯೆಂದು ಅಕ್ಕರೆಯಿಂದ ಒಗೆದು, ನಮ್ಮ ಧೋತರ, ಸೀರೆಗಳಂತೆ ಜಾಲಿಮುಳ್ಳಿನ ಬೇಲಿಗೆ ಹರವಿ, ಒಣಗಿದ ಮೇಲೆ ಜಗ್ಗಿ ತೆಗೆದಿದ್ದಳು!

ಅಪ್ಪ ಸೈಕಲ್ ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ ತಂದು ಅಂಟಿಸಿದ. ಬಗ್ಗಿಸಿದೊಡನೆ ಮತ್ತೆ ಬಾಯಿ ಬಿಟ್ಟಿತು. ಅವ್ವ ಕೌದಿ ಹೊಲಿಯುವ ಸೂಜಿ ತೆಗೆದಳು.

“ಬ್ಯಾಡ್ರಿ ಅಕ್ಕಾರ, ತೂತಿನಾಗ ನೀರು ಬರ್ತದ,” ಎಂದು ಮುಳುಗುಗಾರರು ಗಾಬರಿಯಾದರು.

“ಆರಪಾರ ಚುಚ್ಚಿದ್ರ ಬರ್ತದ್ರಿ. ನಾ ಅರ್ಧ ದಪ್ಪ ಅಷ್ಟ ಹಿಡಿತೇನಿ. ಸುಮ್ಮ ಚಾ ಕುಡೀರಿ.”

ಹೊಲಿಗೆಯ ಮೇಲೆ ಅಪ್ಪ ಮತ್ತೊಮ್ಮೆ ಸೊಲ್ಯೂಷನ್ ಬಳಿದ. ಮಧ್ಯಾಹ್ನ ಅವರು ಮುಳುಗಿ ಕಲ್ಲು ಕಿತ್ತರು, ತೂಬು ಮುಚ್ಚಿತು. ಮೇಲೆ ಬಂದಾಗ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಮರುವರ್ಷ ಶಿಗ್ಗಾಂವದ ಬಸ್ಸಿನಿಂದ ಗುರುತಿಲ್ಲದವರೊಬ್ಬರು ಇಳಿದು, ಅವ್ವನನ್ನು ಕೇಳಿಕೊಂಡು ಮನೆಗೆ ಬಂದರು. ಅವರ ಕಂಕುಳಲ್ಲಿ ಮೊಣಕಾಲು ಹರಿದ ಇನ್ನೊಂದು ರಬ್ಬರ್ ಅಂಗಿ ಇತ್ತು.