ಕಂಪ್ಯೂಟರಿಗೂ ಬೇಕಿತ್ತು ಒಂದು ಖಾಲಿ ದೊಡ್ಡಿ

ಶಿರಾದ ನಮ್ಮ ಮನೆಯ ಕಂಪ್ಯೂಟರ್ ಆವತ್ತೂ ಅರ್ಧಕ್ಕೇ ನಿಂತಿತು. ಡಿಸ್ಕಿನಲ್ಲಿ ಚೆದುರಿದ ಫೈಲುಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಮುಂದೆ ಸಾಗುತ್ತಲೇ ಇರಲಿಲ್ಲ. ಮೇಷ್ಟರಾಗಿದ್ದ ಅಣ್ಣ ಟೈಪ್ ಮಾಡಿದ್ದ ಪಾಠಗಳೆಲ್ಲ ಅದರಲ್ಲೇ ಇದ್ದವು. ಒಂದು ಕಡೆ ಹಾಳಾದರೂ ಇರಲಿ ಎಂದು ಬಿತ್ತನೆ ಬೀಜವನ್ನು ಮೂರು ಕಡೆ ಇಡುವ ಮನೆತನದವನು, ಪ್ರತಿ ಪಾಠವನ್ನೂ ಅದೇ ಡಿಸ್ಕಿನಲ್ಲಿ ಮೂರು ಸಲ ಉಳಿಸಿಟ್ಟಿದ್ದ. ಫೈಲುಗಳನ್ನು ಅತ್ತಿತ್ತ ಸರಿಸಲು ಡಿಸ್ಕಿನಲ್ಲಿ ಖಾಲಿ ಜಾಗವೇ ಉಳಿದಿರಲಿಲ್ಲ.

ಹುಲಿಕುಂಟೆಯ ಕುರಿ ಸಾಕುವ ಮನೆಯಲ್ಲಿ ಬೆಳೆದು, ತುಮಕೂರಿನಲ್ಲಿ ಕಂಪ್ಯೂಟರ್ ಕಲಿತಿದ್ದ ಅತ್ತಿಗೆ ಪಾಠಗಳನ್ನು ಫ್ಲಾಪಿಗೆ ಹಾಕಿಕೊಂಡು, ಹೆಚ್ಚುವರಿ ಪ್ರತಿಗಳನ್ನು ಅಳಿಸತೊಡಗಿದರು. ಅಳಿಸಬೇಡ ಎಂದು ಅಣ್ಣ ಕೈ ಅಡ್ಡ ಹಿಡಿದ.

"ಒಂದು ದೊಡ್ಡಿ ಖಾಲಿ ಇಲ್ದೆ ಕುರಿನ, ಮರಿನ ಹೆಂಗ್ರೀ ಬೇರೆ ಮಾಡದು?" ಎಂದರು ಅತ್ತಿಗೆ. ಈ ಸಲ ಡಿಫ್ರ್ಯಾಗ್ ಕೊನೆಯವರೆಗೂ ಓಡಿತು. ಒಂದು ಪಾಠವೂ ಕಳೆಯಲಿಲ್ಲ.

ತೊಂಬತ್ತರ ದಶಕದ ಆ ಕಂಪ್ಯೂಟರ್ ಈಗಿಲ್ಲ. ಆದರೆ ಮನೆಯಲ್ಲಿ ಯಾವ ಕೆಲಸ ತೊಡರಿಕೊಂಡರೂ ಅಣ್ಣ ಅತ್ತಿಗೆಯನ್ನೇ ಕೇಳುತ್ತಾನೆ: "ಈಗ ಯಾವ ದೊಡ್ಡಿ ಖಾಲಿ ಮಾಡಾಣ?"